'ಅಪರೂಪಕ್ಕೆ ಬರುತ್ತಾನೆ' ಮತ್ತು 'ಬರುವುದು ಅಪರೂಪ': ಇಂಗ್ಲಿಷಿನ 'ರೇರ್' ಪದದ ವಾಕ್ಯಪ್ರಯೋಗ

ಇಂಗ್ಲಿಷ್–ಕನ್ನಡ ನಿಘಂಟುಗಳಲ್ಲಿ 'ರೇರ್' ಎಂಬ ಪದದ ಎದುರಿಗೆ ಅಪರೂಪವಾದ, ವಿರಳವಾದ, ದುರ್ಲಭವಾದ ಎಂಬ ಪದಗಳನ್ನು ಸಾಮಾನ್ಯವಾಗಿ ಕಾಣುತ್ತೇವೆ. ಅದರಿಂದ ಹುಟ್ಟಿದ ಕ್ರಿಯಾವಿಶೇಷಣವಾದ 'ರೇರ್ಲಿ'ಗೆ ಅಪರೂಪವಾಗಿ, ಅಪರೂಪಕ್ಕೆ, ವಿರಳವಾಗಿ ಎಂದಿರುತ್ತದೆ. ಪದಕ್ಕೆ ಪದವನ್ನು ಕೊಡುವುದು ನಿಘಂಟಿನ ಧರ್ಮ. ಆ ಧರ್ಮವನ್ನು ಅದು ನಿರ್ವಹಿಸಿದೆ. ಆದರೆ ವಿರಳತೆಯನ್ನು ಹೇಳುವ ಪದಗಳ ಅರ್ಥ ಪದದೊಳಗೇ ಮುಗಿಯುವಂಥದಲ್ಲ. ವಾಕ್ಯದಲ್ಲಿ ಅವು ಎಲ್ಲಿ ನಿಲ್ಲುತ್ತವೆ, ಕೇಳುಗನನ್ನು ಯಾವ ಕಡೆಗೆ ತಿರುಗಿಸುತ್ತವೆ ಎಂಬುದರ ಮೇಲೆ ಅವುಗಳ ಅರ್ಥ ನಿಂತಿದೆ. 'ಅವನು ಅಪರೂಪಕ್ಕೆ ಬರುತ್ತಾನೆ' ಎಂಬ ವಾಕ್ಯವೂ 'ಅವನು ಬರುವುದು ಅಪರೂಪ' ಎಂಬ ವಾಕ್ಯವೂ ಒಂದೇ ಸಂಗತಿಯನ್ನು ಹೇಳುತ್ತವೆಯೆಂದು ಮೇಲುನೋಟಕ್ಕೆ ತೋರುತ್ತದೆ. ಇಂಗ್ಲಿಷಿನ 'ಹಿ ರೇರ್ಲಿ ಕಮ್ಸ್' ಎಂಬ ವಾಕ್ಯಕ್ಕೆ ಇವೆರಡರಲ್ಲಿ ಯಾವುದು ಸರಿಯಾದ ಅನುವಾದ? ನಿಘಂಟನ್ನು ನಂಬಿದವರು ಮೊದಲನೆಯದನ್ನು ಬರೆಯುತ್ತಾರೆ. ಎರಡನೆಯದೇ ಸರಿ ಎಂಬುದನ್ನೂ, ಮೊದಲನೆಯದು ಹಲವು ಸಂದರ್ಭಗಳಲ್ಲಿ ಇಂಗ್ಲಿಷ್ ವಾಕ್ಯದ ಅಭಿಪ್ರಾಯವನ್ನು ತಿರುವುಮುರುವು ಮಾಡಿಬಿಡುತ್ತದೆ ಎಂಬುದನ್ನೂ ಈ ಲೇಖನದಲ್ಲಿ ವಿವೇಚಿಸಲಾಗಿದೆ. ಹೊರನಾಡಿನ ಕನ್ನಡಿಗರಿಗೆ ಇದು ಕೇವಲ ವ್ಯಾಕರಣದ ಚರ್ಚೆಯಲ್ಲ. ಔಷಧಿಯ ಜೊತೆ ಬರುವ ಚೀಟಿಯನ್ನು ಮನೆಯ ಹಿರಿಯರಿಗೆ ಓದಿ ಹೇಳುವಾಗ, ನ್ಯಾಯಾಲಯದ ಸುದ್ದಿಯನ್ನು ಕನ್ನಡಕ್ಕೆ ತರುವಾಗ ಈ ವ್ಯತ್ಯಾಸ ದಿನವೂ ಎದುರಾಗುತ್ತದೆ.

ಮೊದಲಿಗೆ ಪದದ ಹುಟ್ಟನ್ನು ನೋಡೋಣ. 'ರೇರ್' ಎಂಬುದು ಲ್ಯಾಟಿನ್ ಭಾಷೆಯ 'ರಾರುಸ್' ಎಂಬುದರಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ತೆಳುವಾಗಿ ಹರಡಿದ, ನಡುನಡುವೆ ಬಿಡುವಿರುವ, ದಟ್ಟವಲ್ಲದ ಎಂದು. ಎತ್ತರದ ಬೆಟ್ಟದ ಮೇಲಿನ ತೆಳುವಾದ ಗಾಳಿಯನ್ನು ಇಂಗ್ಲಿಷಿನಲ್ಲಿ 'ರೇರಿಫೈಡ್ ಏರ್' ಎನ್ನುವಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದಿದೆ. ನಮ್ಮ 'ವಿರಳ' ಪದದ ಚರಿತ್ರೆಯೂ ಇದೇ ಬಗೆಯದೆಂಬುದು ಗಮನಾರ್ಹ. ಸಂಸ್ಕೃತದ 'ವಿರಲ' ಎಂದರೆ ಸಂದುಗಳಿರುವುದು. ನಿಬಿಡ, ಸಾಂದ್ರ ಎಂಬುವು ಅದರ ವಿರುದ್ಧಪದಗಳು. 'ವಿರಳ ಜನವಸತಿ', 'ವಿರಳವಾದ ಕೂದಲು' ಎಂಬ ಮಾತುಗಳಲ್ಲಿ ಕನ್ನಡ ಈ ಅರ್ಥವನ್ನು ಹಾಗೆಯೇ ಉಳಿಸಿಕೊಂಡಿದೆ. ಎಡೆಬಿಡದೆ ನಡೆಯುವ ಪ್ರಯತ್ನವನ್ನು 'ಅವಿರಳ ಪ್ರಯತ್ನ' ಎನ್ನುತ್ತೇವೆ, ಅಲ್ಲಿ ಸಂದುಗಳಿಲ್ಲ. ಹೀಗೆ ಹುಟ್ಟಿನಿಂದ ನೋಡಿದರೆ 'ರೇರ್' ಪದಕ್ಕೆ ನಿಜವಾದ ಜ್ಞಾತಿ 'ವಿರಳ'ವೇ ಹೊರತು 'ಅಪರೂಪ'ವಲ್ಲ. (ಅರೆಬೆಂದ ಮಾಂಸಕ್ಕೆ ಇಂಗ್ಲಿಷರು ಹೇಳುವ 'ರೇರ್' ಇದಲ್ಲ. ಅದು ಹಳೆಯ ಇಂಗ್ಲಿಷಿನ ಬೇರೊಂದು ಪದದ ಸಂತಾನ. ಊಟದ ಮನೆಯ 'ರೇರ್' ಅನ್ನು ಅಪರೂಪವೆಂದು ತಿಳಿದವರಿಗೆ ಹಸಿ ಮಾಂಸ ಬಡಿಸಿದರೆ ದೋಷ ಅಡಿಗೆಯವನದಲ್ಲ.)

ವಿಜ್ಞಾನದ ಒಂದು ಪಾರಿಭಾಷಿಕ ಪದವನ್ನು ಇಲ್ಲಿಯೇ ಗಮನಿಸಬಹುದು. 'ರೇರ್ ಅರ್ಥ್ಸ್' ಎಂಬ ಧಾತುಗಳ ಗುಂಪಿಗೆ ಆ ಹೆಸರು ಬಂದದ್ದು ಹದಿನೆಂಟನೆಯ ಶತಮಾನದ ಕೊನೆಯ ಕಾಲದ ಸಂಶೋಧನೆಗಳಿಂದ. ಸ್ವೀಡನ್ನಿನ ಇಟರ್ಬಿ ಎಂಬ ಹಳ್ಳಿಯ ಗಣಿಯಲ್ಲಿ ದೊರೆತ ಕಪ್ಪು ಖನಿಜವೊಂದನ್ನು ಯೋಹಾನ್ ಗಾಡೋಲಿನ್ ೧೭೯೪ರಲ್ಲಿ ಪರೀಕ್ಷಿಸಿ, ಅದರಲ್ಲಿ ಹೊಸದೊಂದು 'ಅರ್ಥ್', ಎಂದರೆ ಅಂದಿನ ಪರಿಭಾಷೆಯಲ್ಲಿ ಭಸ್ಮ, ಇದೆಯೆಂದು ತೋರಿಸಿದನು. ಆದರೆ ಈ ಗುಂಪಿನ ಸೀರಿಯಂ ಭೂಮಿಯ ಹೊರಪದರದಲ್ಲಿ ಹೆಚ್ಚುಕಡಮೆ ತಾಮ್ರದಷ್ಟೇ ಇದೆ. ಅದು ಅಪರೂಪವಲ್ಲ; ಆದರೆ ಒಂದೆಡೆ ದಟ್ಟವಾಗಿ ಸೇರಿರುವುದು ಕಡಮೆ, ತೆಳುವಾಗಿ ಎಲ್ಲೆಡೆ ಹರಡಿದೆ. ಪತ್ರಿಕೆಗಳು ಈಚೆಗೆ ಇವನ್ನು 'ಅಪರೂಪದ ಖನಿಜ' ಎಂದು ಬರೆಯುತ್ತವೆ, ಕೆಲವೊಮ್ಮೆ 'ವಿರಳ ಭೂಖನಿಜ' ಎಂದೂ ಬರೆಯುತ್ತವೆ. ಎರಡನೆಯದನ್ನು ಮೊದಲು ಬಳಸಿದವರು ಲ್ಯಾಟಿನ್ ಮೂಲವನ್ನು ನೆನೆದು ಬಳಸಿದರೋ ಇಲ್ಲವೋ, ವಸ್ತುಸ್ಥಿತಿಗೆ ಸರಿಹೊಂದುವುದು ಅದೇ.

ಇನ್ನು 'ಅಪರೂಪ'. ಸಂಸ್ಕೃತದಲ್ಲಿ ಈ ಪದಕ್ಕೆ ವಿರೂಪ, ಕೆಟ್ಟ ರೂಪ ಎಂಬ ಅರ್ಥವಿದೆ. ಬಂಗಾಳಿಯಲ್ಲಿ ಅದೇ ಪದ ಅಸಾಧಾರಣ ಸೌಂದರ್ಯವನ್ನು ಹೇಳುತ್ತದೆ. ಮರಾಠಿಯ 'ಅಪ್ರೂಪ್' ಹೊಸತನದ ಬೆರಗು, ಕೌತುಕ. ಮುಂಬಯಿ ಪುಣೆಗಳ ಕನ್ನಡಿಗರು ನೆರೆಹೊರೆಯಲ್ಲಿ ದಿನವೂ ಕೇಳುವ ಮಾತು ಅದು. ಆದರೆ ಮರಾಠಿಗರು ರೇರ್ ಎಂಬುದಕ್ಕೆ ಈ ಪದವನ್ನು ಬಳಸುವುದಿಲ್ಲ, 'ದುರ್ಮಿಳ್' ಎನ್ನುತ್ತಾರೆ. ಕನ್ನಡದ 'ಅಪರೂಪ' ಈ ಎರಡರ ನಡುವೆ ನಿಂತಿದೆ. ಅದು ಸಂಖ್ಯೆ ಕಡಮೆ ಎಂಬುದನ್ನು ಹೇಳುತ್ತದೆ. ಜೊತೆಗೆ ಕಡಮೆಯಾದ್ದರಿಂದ ಬೆಲೆಯುಳ್ಳದ್ದು, ಪ್ರೀತಿಗೆ ಯೋಗ್ಯವಾದದ್ದು ಎಂಬ ಭಾವವನ್ನೂ ಹೊರುತ್ತದೆ. ಬಹುದಿನದ ಮೇಲೆ ಬಂದ ನೆಂಟರನ್ನು 'ಏನು, ಬಹಳ ಅಪರೂಪವಾಗಿಬಿಟ್ಟಿರಿ!' ಎಂದು ಸ್ವಾಗತಿಸುತ್ತೇವೆ. ಅದರಲ್ಲಿ ಆಕ್ಷೇಪಣೆಯಿದೆ, ಆ ಆಕ್ಷೇಪಣೆಯಲ್ಲಿ ಅಕ್ಕರೆಯಿದೆ. ಇಂಗ್ಲಿಷಿನವನು ಇದೇ ಸಂದರ್ಭದಲ್ಲಿ 'ನೀವು ರೇರ್' ಎನ್ನಲಾರನು. 'ಯೂ ಆರ್ ಕ್ವೈಟ್ ಎ ಸ್ಟ್ರೇಂಜರ್' ಎನ್ನುತ್ತಾನೆ, ಪೂರ್ತಿ ಅಪರಿಚಿತನೇ ಆಗಿಬಿಟ್ಟೆಯಲ್ಲ ಎಂಬಂತೆ. ನಾವು ನೆಂಟನನ್ನು ಬೆಲೆಯುಳ್ಳವನನ್ನಾಗಿ ಮಾಡುವಲ್ಲಿ ಅವರು ಪರಕೀಯನನ್ನಾಗಿ ಮಾಡುತ್ತಾರೆ.

ಇಂಗ್ಲಿಷಿನ ಪದಕ್ಕೆ ಮೆಚ್ಚುಗೆಯ ಅರ್ಥ ಇರಲೇ ಇಲ್ಲವೆಂದಲ್ಲ. ೧೬೩೭ರಲ್ಲಿ ತೀರಿಕೊಂಡ ನಾಟಕಕಾರ ಬೆನ್ ಜಾನ್ಸನ್ನನ ಸಮಾಧಿಶಿಲೆಯ ಮೇಲೆ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ಅವನನ್ನು 'ರೇರ್' ಎಂದೇ ಕರೆದಿದೆ. ಅಲ್ಲಿ ಅದು ಎಣಿಕೆಯ ಮಾತಲ್ಲ, ಅಸಮಾನನಾದವನು ಎಂಬ ಹೊಗಳಿಕೆ. ಆದರೆ ಇಂದಿನ ದಿನಬಳಕೆಯ ಇಂಗ್ಲಿಷಿನಲ್ಲಿ ಈ ಅರ್ಥ ಬಹುಮಟ್ಟಿಗೆ ಹಿಂದೆ ಸರಿದು, ಎಷ್ಟು ಮಂದಿಯಲ್ಲಿ, ಎಷ್ಟು ಬಾರಿ ಎಂಬ ಎಣಿಕೆಯ ಅರ್ಥವೇ ಮುಂದಾಗಿದೆ. ಕನ್ನಡದಲ್ಲಿ ಆದದ್ದು ಬೇರೆ: 'ಅಪರೂಪದ ಮನುಷ್ಯ' ಎಂದರೆ ಇಂದಿಗೂ ನಾವು ಎಣಿಸುವುದಿಲ್ಲ, ಮೆಚ್ಚುತ್ತೇವೆ.

ಹಳಗನ್ನಡಕ್ಕೆ ತನ್ನದೇ ಆದ ಪದವೊಂದು ಇದ್ದಿತು: 'ಅರಿದು'. ಕಷ್ಟವಾದದ್ದು, ಅಶಕ್ಯವಾದದ್ದು ಎಂಬ ಅರ್ಥದಲ್ಲಿ ನಮ್ಮ ಪ್ರಾಚೀನ ಕವಿಗಳು ಅದನ್ನು ಬಳಸಿದ್ದಾರೆ. ತಮಿಳಿನಲ್ಲಿ ಇದರ ಸೋದರಪದವಾದ 'ಅರಿದು' ಕಷ್ಟ, ಅಪರೂಪ ಎರಡನ್ನೂ ಹೇಳುತ್ತ ಇಂದಿಗೂ ಬದುಕಿದೆ. ತೆಲುಗಿನಲ್ಲಿ 'ಅರುದು', 'ಅರುದುಗಾ' ಎಂಬ ರೂಪಗಳು ರೇರ್, ರೇರ್ಲಿ ಎಂಬುವಕ್ಕೆ ಸಹಜವಾಗಿ ಸಲ್ಲುತ್ತವೆ. ಮದ್ರಾಸಿನ, ಹೈದರಾಬಾದಿನ ಕನ್ನಡಿಗರು ಈ ಪದಗಳನ್ನು ಬೀದಿಯಲ್ಲಿ ಕೇಳುತ್ತಾರೆ. ಹೊಸಗನ್ನಡದ ಬಳಕೆಯಿಂದ ಮಾತ್ರ ಅದು ಜಾರಿಹೋಗಿ, ಅದರ ಸ್ಥಾನವನ್ನು ಸಂಸ್ಕೃತಮೂಲದ ಪದಗಳು ಹಂಚಿಕೊಂಡಿವೆ. ಕಷ್ಟವಾದದ್ದು ವಿರಳವಾಗುವುದು ಲೋಕಸಹಜ. 'ದುರ್ಲಭ', 'ದುರ್ಮಿಳ್' ಎಂಬ ಪದಗಳ ಒಳಗೂ ಇರುವುದು ಇದೇ ತರ್ಕ. ಇಂಗ್ಲಿಷಿನ 'ಹಾರ್ಡ್ಲಿ' ಎಂಬ ಪದವೂ ಕಷ್ಟವೆಂಬ ಅರ್ಥದಿಂದ ಹೊರಟು 'ಇಲ್ಲವೆನ್ನುವಷ್ಟು ಕಡಮೆ' ಎಂಬಲ್ಲಿಗೆ ಬಂದು ನಿಂತಿದೆ.

ಪದಗಳ ವಿಷಯ ಇಷ್ಟು ಸಾಕು. ವಾಕ್ಯಕ್ಕೆ ಬರೋಣ.

'ರೇರ್' ವಿಶೇಷಣವಾಗಿ ಬರುವಾಗ ಅದು ಯಾವುದನ್ನು ವಿಶೇಷಿಸುತ್ತದೆ ಎಂಬುದೇ ಮೊದಲ ತೊಡಕು. 'ಎ ರೇರ್ ಸ್ಟ್ಯಾಂಪ್' ಎಂದಾಗ ಆ ಅಂಚೆಚೀಟಿ ಅಪರೂಪದ್ದು, ತೊಡಕಿಲ್ಲ. 'ಎ ರೇರ್ ಸ್ಮೈಲ್ ಕ್ರಾಸ್ಡ್ ಹಿಸ್ ಫೇಸ್' ಎಂದಾಗ ಆ ನಗೆಯಲ್ಲಿ ಅಪರೂಪವಾದ ಗುಣವೇನೂ ಇಲ್ಲ. ಅವನು ನಗುವುದು ಅಪರೂಪ, ಆ ಹೊತ್ತು ನಕ್ಕನು ಎಂದಷ್ಟೆ ಅರ್ಥ. 'ಅವನ ಮುಖದ ಮೇಲೆ ಅಪರೂಪದ ನಗೆಯೊಂದು ಸುಳಿಯಿತು' ಎಂದು ಅನುವಾದಿಸಿದರೆ ಓದುಗನು ಆ ನಗೆಯ ಸೊಬಗನ್ನು ಕಲ್ಪಿಸಿಕೊಳ್ಳಲು ತೊಡಗುತ್ತಾನೆ. 'ಎಂದೂ ನಗದವನು ಅಂದು ಮುಗುಳ್ನಕ್ಕನು' ಎಂದರೆ ಇಂಗ್ಲಿಷಿಗೆ ಹೆಚ್ಚು ಹತ್ತಿರ. ವ್ಯಾಕರಣದ ದೃಷ್ಟಿಯಿಂದ ಇಲ್ಲಿ 'ರೇರ್' ನಾಮಪದಕ್ಕೆ ಅಂಟಿಕೊಂಡಿದ್ದರೂ ಕೆಲಸ ಮಾಡುತ್ತಿರುವುದು ಇಡೀ ಕ್ರಿಯೆಯ ಮೇಲೆ. ವೇಷ ವಿಶೇಷಣದ್ದು, ವೃತ್ತಿ ಕ್ರಿಯಾವಿಶೇಷಣದ್ದು.

ಇನ್ನೂ ಮುಂದೆ ಹೋಗಿ 'ದ ರೇರ್ ಸ್ಟೂಡೆಂಟ್ ಹೂ ರೀಡ್ಸ್ ದ ಹೋಲ್ ಬುಕ್' ಎಂಬ ಮಾದರಿಯನ್ನು ನೋಡಬಹುದು. ಇಲ್ಲಿ 'ರೇರ್' ಬಹುಮಟ್ಟಿಗೆ ಸಂಖ್ಯಾವಾಚಕವೇ ಆಗಿಬಿಟ್ಟಿದೆ. ಇಡೀ ಪುಸ್ತಕವನ್ನು ಓದುವ ವಿದ್ಯಾರ್ಥಿಗಳು ಕೆಲವರೇ, ಅಂಥವನೊಬ್ಬ ಎಂದು ತಾತ್ಪರ್ಯ. 'ಇಡೀ ಪುಸ್ತಕವನ್ನು ಓದುವ ಅಪರೂಪದ ವಿದ್ಯಾರ್ಥಿ' ಎಂದರೆ ಅದು ಪ್ರಶಂಸಾಪತ್ರವಾಗುತ್ತದೆ. 'ಇಡೀ ಪುಸ್ತಕವನ್ನು ಓದುವ ವಿದ್ಯಾರ್ಥಿ ಎಲ್ಲೋ ಒಬ್ಬ' ಎಂದರೆ ಎಣಿಕೆಯಾಗುತ್ತದೆ. 'ಎಲ್ಲೋ ಒಬ್ಬ', 'ಅಲ್ಲೊಂದು ಇಲ್ಲೊಂದು', 'ಬೆರಳೆಣಿಕೆಯಷ್ಟು', 'ಯಾವಾಗಲೋ ಒಮ್ಮೆ' ಎಂಬ ನುಡಿಗಟ್ಟುಗಳು ಈ ಕೆಲಸವನ್ನು ಸೊಗಸಾಗಿ ಮಾಡುತ್ತವೆ. ನಮ್ಮ ಅನುವಾದಕರು ಇವನ್ನು ಬಿಟ್ಟು 'ಅಪರೂಪದ' ಎಂಬ ಒಂದೇ ಪದಕ್ಕೆ ಶರಣಾಗುವುದು ವಿಷಾದಕರ. ಆಡುಮಾತಿನಲ್ಲಿ ಇರುವ ಸಂಪತ್ತನ್ನು ಬರವಣಿಗೆಯಲ್ಲಿ ಮರೆಯುವ ನಮ್ಮ ಹಳೆಯ ಚಾಳಿಗೆ ಇದೂ ಒಂದು ನಿದರ್ಶನ.

ಇನ್ನು 'ರೇರ್ಲಿ'. ಲೇಖನದ ಮುಖ್ಯ ವಿಷಯ ಇದೇ.

ರೂಪದಲ್ಲಿ 'ರೇರ್ಲಿ' ನಿಷೇಧಪದವಲ್ಲ. ಅದರಲ್ಲಿ 'ನಾಟ್' ಇಲ್ಲ, 'ನೋ' ಇಲ್ಲ. ಆದರೂ ಇಂಗ್ಲಿಷ್ ವ್ಯಾಕರಣ ಅದನ್ನು ನಿಷೇಧಪದವೆಂದೇ ಪರಿಗಣಿಸುತ್ತದೆ. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಓಟೊ ಯೆಸ್ಪರ್ಸನ್ ನಿಷೇಧವನ್ನು ಕುರಿತು ೧೯೧೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂಥ ಅರೆನಿಷೇಧದ ಪದಗಳನ್ನು ಪ್ರತ್ಯೇಕವಾಗಿ ಚರ್ಚಿಸಿದ್ದಾನೆ. ಎಡ್ವರ್ಡ್ ಕ್ಲೀಮ ಎಂಬ ಅಮೆರಿಕದ ವಿದ್ವಾಂಸ ೧೯೬೪ರಲ್ಲಿ ಇಂಥ ಪದಗಳನ್ನು ಗುರುತಿಸುವ ಪರೀಕ್ಷೆಗಳನ್ನು ವ್ಯವಸ್ಥಿತವಾಗಿ ನಿರೂಪಿಸಿದ. ಅವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಇಂಗ್ಲಿಷಿನಲ್ಲಿ ವಾಕ್ಯದ ತುದಿಗೆ ಹಚ್ಚುವ ಕಿರುಪ್ರಶ್ನೆ ವಾಕ್ಯಕ್ಕೆ ವಿರುದ್ಧವಾಗಿರಬೇಕು ಎಂಬುದು ಸಾಮಾನ್ಯ ನಿಯಮ. 'ಹಿ ಆಫನ್ ಕಮ್ಸ್' ಎಂಬ ವಾಕ್ಯಕ್ಕೆ 'ಡಸನ್ಟ್ ಹಿ' ಎಂದು ಹಚ್ಚುತ್ತಾರೆ. 'ಹಿ ರೇರ್ಲಿ ಕಮ್ಸ್' ಎಂಬುದಕ್ಕೆ 'ಡಸ್ ಹಿ' ಎಂದೇ ಹಚ್ಚಬೇಕು. 'ನಾನೂ ಅಷ್ಟೆ' ಎಂದು ಜೊತೆಗೂಡುವಾಗ 'ಸೋ ಡು ಐ' ಎನ್ನುವಂತಿಲ್ಲ, 'ನೀದರ್ ಡು ಐ' ಎನ್ನಬೇಕು. ನಿಷೇಧವಾಕ್ಯಗಳಲ್ಲಿಯೂ ಪ್ರಶ್ನೆಗಳಲ್ಲಿಯೂ ಬರುವ 'ಎನಿಥಿಂಗ್' ಎಂಬ ಪದ 'ಹಿ ರೇರ್ಲಿ ಸೇಸ್ ಎನಿಥಿಂಗ್' ಎಂಬಲ್ಲಿ ಸಲೀಸಾಗಿ ಬರುತ್ತದೆ. ಒತ್ತು ಕೊಡಲು 'ರೇರ್ಲಿ'ಯನ್ನು ವಾಕ್ಯದ ಮೊದಲಿಗೆ ತಂದರೆ ಕರ್ತೃಪದವೂ ಸಹಾಯಕ ಕ್ರಿಯಾಪದವೂ ಸ್ಥಾನ ಬದಲಿಸುತ್ತವೆ: 'ರೇರ್ಲಿ ಹ್ಯಾವ್ ಐ ಸೀನ್ ಸಚ್ ಎ ಕ್ರೌಡ್'. 'ನೆವರ್' ಎಂಬ ಪೂರ್ಣ ನಿಷೇಧಪದ ಮೊದಲಿಗೆ ಬಂದಾಗಲೂ ಹೀಗೆಯೇ ಆಗುತ್ತದೆ. 'ಅಕೇಶನಲಿ', 'ಸಮ್‌ಟೈಮ್ಸ್' ಎಂಬುವು ಮೊದಲಿಗೆ ಬಂದರೆ ಏನೂ ಅಲುಗುವುದಿಲ್ಲ.

ಈ ಕೊನೆಯ ಮಾತು ಮುಖ್ಯವಾದದ್ದು. 'ರೇರ್ಲಿ' ಮತ್ತು 'ಅಕೇಶನಲಿ' ಇವೆರಡೂ ಸೂಚಿಸುವ ಪ್ರಮಾಣ ಒಂದೇ ಇರಬಹುದು. ತಿಂಗಳಿಗೊಮ್ಮೆ ಬರುವವನನ್ನು ಎರಡೂ ಪದಗಳಿಂದ ವರ್ಣಿಸಬಹುದು. ಭೇದವಿರುವುದು ದಿಕ್ಕಿನಲ್ಲಿ. ಒಂದು ಬಾರದಿರುವುದರ ಕಡೆಗೆ ಮುಖ ಮಾಡಿದೆ, ಇನ್ನೊಂದು ಬರುವುದರ ಕಡೆಗೆ. ಶಾಲೆಯಲ್ಲಿ ನಾವೆಲ್ಲರೂ ಉರುಹೊಡೆದ 'ಫ್ಯೂ' ಮತ್ತು 'ಎ ಫ್ಯೂ' ಎಂಬುವುಗಳ ಭೇದವೇ ಇದು.

ಕನ್ನಡ ಈ ಭೇದವನ್ನು ಮಾಡುವುದಿಲ್ಲವೆಂದು ಕೆಲವರು ತಿಳಿದಿದ್ದಾರೆ. ಕನ್ನಡ ಅದನ್ನು ಖಚಿತವಾಗಿ ಮಾಡುತ್ತದೆ. ಪದದಿಂದ ಮಾಡದೆ ಸ್ಥಾನದಿಂದ ಮಾಡುತ್ತದೆ. ಈ ಎರಡು ವಾಕ್ಯಗಳನ್ನು ಪರಿಶೀಲಿಸಿ:

ಅವನು ಅಪರೂಪಕ್ಕೆ ಬರುತ್ತಾನೆ. ಆದ್ದರಿಂದ ಅವನಿಗೆಂದು ಒಂದು ಹಾಸಿಗೆ ಇಟ್ಟಿದ್ದೇವೆ.

ಅವನು ಬರುವುದು ಅಪರೂಪ. ಆದ್ದರಿಂದ ಅವನಿಗೆಂದು ಹಾಸಿಗೆ ಇಟ್ಟಿಲ್ಲ.

ಇವುಗಳ ಉತ್ತರಾರ್ಧಗಳನ್ನು ಅದಲುಬದಲು ಮಾಡಿ ಓದಿದರೆ ಕಿವಿಗೆ ಒಡನೆಯೇ ಅಪಸ್ವರ ಕೇಳುತ್ತದೆ. 'ಅಪರೂಪಕ್ಕೆ' ಎಂಬುದು ಕ್ರಿಯೆಯ ಹಿಂದೆ ವಿಶೇಷಣವಾಗಿ ನಿಂತಾಗ ವಾಕ್ಯದ ವಿಧೇಯ 'ಬರುತ್ತಾನೆ' ಎಂಬುದೇ; ಬರುವುದು ಸ್ಥಾಪಿತವಾಗುತ್ತದೆ, ವಿರಳತೆ ಅದರ ಅಂಚಿನಲ್ಲಿರುತ್ತದೆ. 'ಬರುವುದು' ಎಂಬ ಭಾವನಾಮವನ್ನು ಉದ್ದೇಶ್ಯವಾಗಿಸಿ 'ಅಪರೂಪ'ವನ್ನು ವಿಧೇಯವಾಗಿಸಿದಾಗ ವಾಕ್ಯದ ತೀರ್ಪು ವಿರಳತೆಯೇ ಆಗುತ್ತದೆ. ಕನ್ನಡದಲ್ಲಿ ತೀರ್ಪು ವಾಕ್ಯದ ಕೊನೆಯಲ್ಲಿರುತ್ತದೆ. ನಮ್ಮ ನಿಷೇಧವೂ ಅಲ್ಲಿಯೇ ಇರುವುದು. 'ಬರುವುದಿಲ್ಲ' ಎಂಬಲ್ಲಿನ 'ಇಲ್ಲ'ದ ಆಸನದಲ್ಲಿಯೇ 'ಬರುವುದು ಅಪರೂಪ' ಎಂಬಲ್ಲಿನ 'ಅಪರೂಪ' ಕುಳಿತಿದೆ.

ಇದು ಈ ಒಂದು ಪದದ ಚಮತ್ಕಾರವಲ್ಲ, ಕನ್ನಡದ ವ್ಯವಸ್ಥೆಯೇ ಹೀಗೆ. 'ಕೆಲವರು ಬಂದರು' ಎಂಬುದು 'ಎ ಫ್ಯೂ'. 'ಬಂದವರು ಕೆಲವರೇ' ಎಂಬುದು 'ಫ್ಯೂ'. 'ಸ್ವಲ್ಪ ಹಾಲಿದೆ' ಎಂದಾಗ ಕಾಫಿಯಾಗುತ್ತದೆ. 'ಇರುವ ಹಾಲು ಸ್ವಲ್ಪ' ಎಂದಾಗ ಕಾಫಿಯ ಆಸೆಯನ್ನು ಬಿಡಬೇಕು. ಇಂಗ್ಲಿಷ್ 'ಎ' ಎಂಬ ಒಂದು ಅಕ್ಷರದಿಂದ ಸಾಧಿಸುವುದನ್ನು ಕನ್ನಡ ಉದ್ದೇಶ್ಯ–ವಿಧೇಯಗಳ ಪಲ್ಲಟದಿಂದ ಸಾಧಿಸುತ್ತದೆ. ಇಂಗ್ಲಿಷ್ ವ್ಯಾಕರಣದ ಚೌಕಟ್ಟಿನಲ್ಲಿ ಕ್ರಿಯಾವಿಶೇಷಣಕ್ಕೆ ಕ್ರಿಯಾವಿಶೇಷಣವನ್ನೇ ಹುಡುಕುವವನಿಗೆ ಇದು ಕಾಣದೆ ಹೋಗುವುದು ಆಶ್ಚರ್ಯವಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. 'ಅವನು ಅಪರೂಪಕ್ಕೆ ಮಾತ್ರ ಬರುತ್ತಾನೆ' ಎಂದರೆ ಇಂಗ್ಲಿಷಿನ ಅರ್ಥವೇ ಬರುವುದಲ್ಲವೆ? ಬರುತ್ತದೆ. ಆದರೆ ಅಲ್ಲಿ ದಿಕ್ಕನ್ನು ತಿರುಗಿಸಿದ್ದು 'ಮಾತ್ರ' ಎಂಬ ಅವ್ಯಯವೇ ಹೊರತು 'ಅಪರೂಪಕ್ಕೆ' ಎಂಬ ಪದವಲ್ಲ. ಮರಾಠಿಯವರು 'ಕ್ವಚಿತ್' ಎಂಬುದಕ್ಕೆ 'ಚ' ಎಂಬ ಅವಧಾರಣೆಯನ್ನು ಸೇರಿಸಿ 'ತೋ ಕ್ವಚಿತಚ್ ಯೇತೋ' ಎನ್ನುವುದು ಇದೇ ಬಗೆಯ ಉಪಾಯ. ದಿಲ್ಲಿಯ ಹಿಂದಿಯಲ್ಲಿ 'ಶಾಯದ್ ಹೀ' ಎಂಬುದರೊಳಗಿನ 'ಹೀ'ಯೂ ಅಂಥದೇ. ಅವಧಾರಣೆಯಿಲ್ಲದೆ, ಧ್ವನಿಯ ಏರಿಳಿತದ ನೆರವೂ ಇಲ್ಲದೆ ಅಚ್ಚಿನಲ್ಲಿ ಬಿದ್ದ 'ಅಪರೂಪಕ್ಕೆ' ಇತಿಯತ್ತಲೇ ವಾಲುತ್ತದೆ.

ಒಂದು ಸೂಕ್ಷ್ಮವನ್ನು ಮಾತ್ರ ಹೇಳಿ ಮುಂದೆ ಹೋಗಬೇಕು. 'ಬರುವುದು ಅಪರೂಪ' ಎಂಬುದರ ಅಭಿಪ್ರಾಯ ನೇತಿಯ ಕಡೆಗಿದ್ದರೂ ಕನ್ನಡ ವ್ಯಾಕರಣ ಅದನ್ನು ನಿಷೇಧವಾಕ್ಯವೆಂದು ಒಪ್ಪುವುದಿಲ್ಲ. 'ಅವನು ಏನೂ ಹೇಳುವುದಿಲ್ಲ' ಎನ್ನುತ್ತೇವೆ. 'ಅವನು ಏನೂ ಹೇಳುವುದು ಅಪರೂಪ' ಎನ್ನುವುದಿಲ್ಲ, 'ಏನಾದರೂ ಹೇಳುವುದು ಅಪರೂಪ' ಎನ್ನುತ್ತೇವೆ. ಇಂಗ್ಲಿಷಿನ 'ರೇರ್ಲಿ' ಅಭಿಪ್ರಾಯದಲ್ಲಿಯೂ ವ್ಯಾಕರಣದಲ್ಲಿಯೂ ನಿಷೇಧದ ಪಂಕ್ತಿಯಲ್ಲಿ ಕುಳಿತಿದ್ದರೆ, ನಮ್ಮ 'ಅಪರೂಪ' ಅಭಿಪ್ರಾಯದಲ್ಲಿ ಮಾತ್ರ ಅಲ್ಲಿದೆ. 'ಸೆಲ್ಡಮ್' ಎಂಬ ಹಳೆಯ ಪದ ಎಲ್ಲ ವಿಷಯದಲ್ಲಿಯೂ 'ರೇರ್ಲಿ'ಯ ಹಾಗೆಯೇ. ಇಂದು ಅದು ಬರವಣಿಗೆಯ ಪದ. 'ಹಾರ್ಡ್ಲಿ', 'ಸ್ಕೇರ್ಸ್ಲಿ' ಎಂಬುವು ಮುಖ್ಯವಾಗಿ ಎಷ್ಟು ಬಾರಿ ಎಂಬುದನ್ನು ಹೇಳದೆ ಎಷ್ಟರಮಟ್ಟಿಗೆ ಎಂಬುದನ್ನು ಹೇಳುತ್ತವೆ. 'ಕೇಳಿಸಿತೋ ಇಲ್ಲವೋ ಎಂಬಂತೆ' ಎಂಬ ನಮ್ಮ ನುಡಿಗಟ್ಟು ಅವುಗಳಿಗೆ ಒಪ್ಪುತ್ತದೆ.

ಈ ಭೇದ ಎಲ್ಲಿ ಜೀವನ್ಮರಣದ ಮಾತಾಗುತ್ತದೆ ಎಂಬುದನ್ನು ಈಗ ನೋಡಬಹುದು. ಔಷಧಿಗಳ ಮಾಹಿತಿಪತ್ರದಲ್ಲಿ ಬರುವ 'ರೇರ್' ಎಂಬುದಕ್ಕೆ ಯುರೋಪಿನ ಔಷಧನಿಯಂತ್ರಣದಲ್ಲಿ ಗೊತ್ತುಪಡಿಸಿದ ಪ್ರಮಾಣವಿದೆ: ಔಷಧಿಯನ್ನು ಸೇವಿಸಿದ ೧೦,೦೦೦ ಜನರಲ್ಲಿ ಒಬ್ಬರಿಂದ ಹತ್ತು ಜನರವರೆಗೆ ಕಾಣಿಸಿಕೊಳ್ಳುವ ದುಷ್ಪರಿಣಾಮ 'ರೇರ್', ಅದಕ್ಕಿಂತ ಕಡಮೆಯಾದದ್ದು 'ವೆರಿ ರೇರ್'. ಅಂಥ ಪತ್ರದ ಒಂದು ವಾಕ್ಯವನ್ನು 'ಈ ಮಾತ್ರೆಯಿಂದ ಅಪರೂಪಕ್ಕೆ ಉಸಿರಾಟದ ತೊಂದರೆಯಾಗುತ್ತದೆ' ಎಂದು ಕನ್ನಡಿಸಿದೆವೆಂದು ಇಟ್ಟುಕೊಳ್ಳೋಣ. ಓದಿದ ಅಜ್ಜಿ ಮಾತ್ರೆಯನ್ನು ಬಿಸಾಡಿದರೆ ಅದು ಅವಳ ತಪ್ಪಲ್ಲ. ವಾಕ್ಯ ತೊಂದರೆಯಾಗುತ್ತದೆ ಎಂದೇ ತೀರ್ಪು ಕೊಟ್ಟಿದೆ. 'ಉಸಿರಾಟದ ತೊಂದರೆಯಾಗುವುದು ಅಪರೂಪ. ಆದರೆ ಕೂಡಲೆ ವೈದ್ಯರನ್ನು ಕಾಣಬೇಕು' ಎಂದರೆ ಮೊದಲ ಭಾಗ ಧೈರ್ಯ ಹೇಳುತ್ತದೆ, ಎರಡನೆಯದು ಎಚ್ಚರಿಸುತ್ತದೆ. ಇದೇ ಪ್ರಮಾಣವನ್ನು ಎಚ್ಚರಿಕೆಗಾಗಿಯೇ ಹೇಳಬೇಕಾದಾಗ, ಎಂದರೆ ಅಪಾಯ ದೊಡ್ಡದಾಗಿರುವಾಗ, 'ಅಪರೂಪಕ್ಕೆ ಆಗುವುದುಂಟು' ಎಂಬ ಇತಿರೂಪವೇ ಯುಕ್ತವಾದೀತು. ಆಯ್ಕೆ ಅನುವಾದಕನ ಕೈಯಲ್ಲಿದೆ. ಅದು ಆಯ್ಕೆ ಎಂಬ ಅರಿವಿರಬೇಕು.

ವೈದ್ಯಕೀಯದಲ್ಲಿ 'ರೇರ್' ಮತ್ತು 'ಸ್ಕೇರ್ಸ್' ಎಂಬುವುಗಳ ಭೇದಕ್ಕೆ ಮುಂಬಯಿಯವರಿಗೆ ಹತ್ತಿರದ ಉದಾಹರಣೆಯೊಂದಿದೆ. ೧೯೫೨ರಲ್ಲಿ ಈ ನಗರದಲ್ಲಿ ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ವರದಿ ಮಾಡಿದ ರಕ್ತದ ಗುಂಪು ಜಗತ್ತಿನಲ್ಲೆಲ್ಲ 'ಬಾಂಬೆ' ಗುಂಪು ಎಂದೇ ಹೆಸರಾಗಿದೆ. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರಲ್ಲಿ ಇದು ಇದೆಯೆಂದು ಹೇಳುತ್ತಾರೆ. ಯುರೋಪಿನಲ್ಲಿ ಇನ್ನೂ ಕಡಮೆ. ಈ ಗುಂಪಿನವರಿಗೆ 'ಒ' ಗುಂಪಿನ ರಕ್ತವೂ ಒಗ್ಗದು. ತಮ್ಮ ಗುಂಪಿನದೇ ಬೇಕು. ಈ ರಕ್ತ 'ರೇರ್'. ಬೇಸಿಗೆಯ ರಜೆಯಲ್ಲಿ ದಾನಿಗಳು ಊರಿಗೆ ಹೋದಾಗ ರಕ್ತನಿಧಿಯಲ್ಲಿ ಸಾಮಾನ್ಯವಾದ 'ಒ ಪಾಸಿಟಿವ್' ರಕ್ತವೂ ಸಿಗದೆ ಹೋಗಬಹುದು. ಆಗ ಅದು 'ಸ್ಕೇರ್ಸ್', ಆದರೆ 'ರೇರ್' ಅಲ್ಲ. ಒಂದು ಲೋಕದಲ್ಲಿ ಎಷ್ಟಿದೆ ಎಂಬ ಲೆಕ್ಕ, ಇನ್ನೊಂದು ಬೇಕಾದಷ್ಟು ಇದೆಯೇ ಎಂಬ ಲೆಕ್ಕ. ಎರಡನೆಯದಕ್ಕೆ ಕನ್ನಡದಲ್ಲಿ ಅಭಾವ, ಕೊರತೆ, ತತ್ವಾರ ಎಂಬ ಒಳ್ಳೆಯ ಪದಗಳಿವೆ. 'ಬೇಸಿಗೆಯಲ್ಲಿ ನೀರು ಅಪರೂಪ' ಎಂದು ಬರೆಯುವವರು ನೀರಿಗೆ ತತ್ವಾರಪಟ್ಟವರಾಗಿರಲಾರರು. ಇದೇ ಕಾರಣಕ್ಕೆ 'ರೇರ್ ಡಿಸೀಸ್' ಎಂಬುದನ್ನು 'ಅಪರೂಪದ ಕಾಯಿಲೆ' ಎನ್ನುವುದಕ್ಕಿಂತ 'ವಿರಳ ಕಾಯಿಲೆ' ಎನ್ನುವುದು ಲೇಸೆಂದು ನನ್ನ ಅಭಿಪ್ರಾಯ. ರೋಗಕ್ಕೆ ಅಕ್ಕರೆಯ ಪದ ಏಕೆ? ಯುರೋಪಿನ ರೋಗಿಗಳ ಸಂಘಟನೆಗಳು ಇಂಥ ಕಾಯಿಲೆಗಳ ದಿನವನ್ನು ಮೊದಲು ಆಚರಿಸಿದ್ದು ೨೦೦೮ರ ಫೆಬ್ರವರಿ ೨೯ರಂದು. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನವನ್ನು ಬೇಕೆಂದೇ ಆರಿಸಿದ್ದರು. ಉಳಿದ ವರ್ಷಗಳಲ್ಲಿ ಅದು ಫೆಬ್ರವರಿಯ ಕೊನೆಯ ದಿನಕ್ಕೆ ಬರುತ್ತದೆ.

ಕೊನೆಯದಾಗಿ ನ್ಯಾಯಾಲಯದ ಒಂದು ಮಾತು. ಬಚ್ಚನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ೧೯೮೦ರಲ್ಲಿ ಮರಣದಂಡನೆಯ ಸಾಂವಿಧಾನಿಕತೆಯನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರೊಬ್ಬರೇ ಭಿನ್ನಮತ ತಳೆದರು. ಬಹುಮತದ ತೀರ್ಪಿನಲ್ಲಿ ಬಂದ 'ರೇರೆಸ್ಟ್ ಆಫ್ ರೇರ್ ಕೇಸಸ್' ಎಂಬ ಮಾತು ಅಂದಿನಿಂದ ನಮ್ಮ ಪತ್ರಿಕೆಗಳ ನಿತ್ಯದ ನುಡಿಯಾಗಿದೆ; ಕನ್ನಡದಲ್ಲಿ ಅದು 'ಅಪರೂಪದಲ್ಲಿ ಅಪರೂಪದ ಪ್ರಕರಣ' ಎಂದಾಗಿದೆ. ತೀರ್ಪಿನಲ್ಲಿ ಈ ಮಾತು ನಿಂತಿರುವುದು 'ಹೊರತು' ಎಂಬುದರ ಒಳಗೆ: ಅಂಥ ಪ್ರಕರಣಗಳ ಹೊರತು, ಬೇರೆ ಶಿಕ್ಷೆಯ ದಾರಿ ನಿಸ್ಸಂದೇಹವಾಗಿ ಮುಚ್ಚಿಹೋಗಿರುವ ಸಂದರ್ಭದ ಹೊರತು, ಜೀವವನ್ನು ತೆಗೆಯಕೂಡದು ಎಂಬುದು ಅದರ ಆಶಯ. ಎಂದರೆ 'ರೇರ್' ಇಲ್ಲಿ ನೇತಿಯ ಕಡೆಗೆ ಮುಖ ಮಾಡಿದೆ. ಅದು ನ್ಯಾಯಾಧೀಶನ ಕೈಯನ್ನು ತಡೆಯುವ ಪದ. ಇದನ್ನು ೧೯೮೩ರ ಮಚ್ಛಿ ಸಿಂಗ್ ಮೊಕದ್ದಮೆಯ ತೀರ್ಪು ಕೃತ್ಯದ ರೀತಿ, ಉದ್ದೇಶ ಮುಂತಾದ ವರ್ಗಗಳಾಗಿ ವಿಸ್ತರಿಸಿತು. ಸುದ್ದಿಯ ಭಾಷೆಯಲ್ಲಿ ಬರುಬರುತ್ತ ಅದು ಅಪರಾಧದ ಘೋರತೆಯನ್ನು ವರ್ಣಿಸುವ ವಿಶೇಷಣವಾಗಿಬಿಟ್ಟಿತು. 'ಇದು ಅಪರೂಪದಲ್ಲಿ ಅಪರೂಪದ ಪ್ರಕರಣವಾದ್ದರಿಂದ ಗಲ್ಲು' ಎಂಬ ವಾಕ್ಯದಲ್ಲಿ ಪದ ವಿಶೇಷಣದ ಸ್ಥಾನಕ್ಕೆ ಸರಿದಿದೆ. ಅದರೊಡನೆ ದಿಕ್ಕೂ ಬದಲಾಗಿದೆ. ಇಂಗ್ಲಿಷ್ ಪತ್ರಿಕೆಗಳೂ ಇದೇ ಹಾದಿ ಹಿಡಿದಿವೆಯೆಂಬುದು ನಿಜ. ಆದರೆ ಮೆಚ್ಚುಗೆಯ ವಾಸನೆ ಹತ್ತಿದ ನಮ್ಮ 'ಅಪರೂಪ'ದಲ್ಲಿ ಈ ಜಾರಿಕೆ ಇನ್ನೂ ಸುಲಭ. ಘೋರವಾದದ್ದನ್ನು ಘೋರವೆಂದೇ ಹೇಳಿ, ತೀರ್ಪಿನ ಮಾತನ್ನು ವಿಧೇಯಸ್ಥಾನಕ್ಕೆ ತರುವುದು ಕನ್ನಡಕ್ಕೆ ಕಷ್ಟವಲ್ಲ: 'ಗಲ್ಲು ವಿಧಿಸಬಹುದಾದ ಪ್ರಕರಣಗಳು ವಿರಳಾತಿವಿರಳ, ಇದು ಅವುಗಳಲ್ಲೊಂದೆಂದು ನ್ಯಾಯಾಲಯ ಭಾವಿಸಿದೆ' ಎಂದು ಬರೆದರೆ ಎರಡು ಪದ ಹೆಚ್ಚಾದೀತು, ಅಷ್ಟೆ.